ನೆಗಳೂರು ಕಲ್ಲಿನ ಪೂರ್ವೋತ್ತರ

1848ರ ಫೆಬ್ರುವರಿ 15ರಂದು ನೆಗಳೂರಿನಲ್ಲಿ ಆಕಾಶದಿಂದ ಒಂದು ಕಲ್ಲು ಬಿತ್ತು. ತೂಕ ನಾಲ್ಕು ಪೌಂಡಿನಷ್ಟು, ಇಂದಿನ ಲೆಕ್ಕದಲ್ಲಿ 1.8 ಕಿಲೋ. ಹಿರೇಕೆರೂರಿನವರಿಗೆ ನೆಗಳೂರು ಪರಸ್ಥಳವೇನಲ್ಲ; ರಾಣೆಬೆನ್ನೂರಿಗೆ ಹೋಗಿ ಗುತ್ತಲದ ದಾರಿ ಹಿಡಿದರೆ ಸಿಗುವ ಊರು. ವರದೆ ಬಂದು ತುಂಗಭದ್ರೆಯನ್ನು ಸೇರುವ ಗಳಗನಾಥವೂ ಅದೇ ಸೀಮೆಯಲ್ಲಿದೆ. ಆಗ ಇದೆಲ್ಲ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಹೀಗಾಗಿ ಜಗತ್ತಿನ ಉಲ್ಕಾಶಿಲೆಗಳ ಪಟ್ಟಿಯಲ್ಲಿ ಈ ಕಲ್ಲಿನ ಹೆಸರು ‘ಧಾರವಾರ್’ ಎಂದಿದೆ. 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾಯಿತು. ಕಲ್ಲಿನ ಹೆಸರು ಮಾತ್ರ ಹಳೆಯ ಜಿಲ್ಲೆಯಲ್ಲೇ ಉಳಿದುಕೊಂಡಿತು. ಅದು ಬಿದ್ದಾಗ ಕಾದಂಬರಿಕಾರ ಗಳಗನಾಥರು ಹುಟ್ಟಲು ಇನ್ನೂ 21 ವರ್ಷ ಬಾಕಿಯಿತ್ತು. ಅವರ ಕಾಲದಲ್ಲಿ ಬಿದ್ದಿದ್ದರೆ ಕನ್ನಡದಲ್ಲಿ ಒಂದು ಸೊಗಸಾದ ವರ್ಣನೆಯಾದರೂ ಸಿಗುತ್ತಿತ್ತೇನೋ.

ಆ ಕಲ್ಲು ಒಂದು ಕ್ಷುದ್ರಗ್ರಹದ ಚೂರು. ಮಂಗಳ ಮತ್ತು ಗುರುಗ್ರಹಗಳ ನಡುವಿನ ವಿಶಾಲ ಬಯಲಿನಲ್ಲಿ ಸೂರ್ಯನನ್ನು ಸುತ್ತುತ್ತಿರುವ ಲಕ್ಷಾಂತರ ಬಂಡೆಗಳಲ್ಲಿ ಯಾವುದೋ ಒಂದರಿಂದ ಸಿಡಿದು ಬಂದದ್ದು. ಶಾಲೆಯ ಪಾಠದಲ್ಲಿ ಕ್ಷುದ್ರಗ್ರಹಗಳಿಗೆ ಸಿಗುವುದು ಒಂದೇ ಸಾಲು: ಗ್ರಹಗಳನ್ನು ಕಟ್ಟಿ ಉಳಿದ ಸಾಮಗ್ರಿ. ಸಾಮಗ್ರಿಯ ಮಟ್ಟಿಗೆ ಇದು ನಿಜ. ಉಳಿದದ್ದು ಉಳಿದ ಹಾಗೆಯೇ ಬಿದ್ದುಕೊಂಡಿದೆ ಎಂದು ತಿಳಿದರೆ ಮಾತ್ರ ತಪ್ಪಾಗುತ್ತದೆ. ಬೆಂದದ್ದು, ಒಡೆದದ್ದು, ಮತ್ತೆ ಕೂಡಿಕೊಂಡದ್ದು, ದಾರಿ ತಪ್ಪಿ ಅಲೆದದ್ದು ಎಲ್ಲವೂ ಆ ಕಲ್ಲುಗಳ ಪೂರ್ವೋತ್ತರದಲ್ಲಿ ಸೇರಿದೆ.

ನೆಗಳೂರಿನ ಕಲ್ಲನ್ನು ‘ಸಾಮಾನ್ಯ ಕಾಂಡ್ರೈಟ್’ ಎಂಬ ಪಂಗಡಕ್ಕೆ ಸೇರಿಸಿದ್ದಾರೆ. ಬೀಳುವುದನ್ನು ಕಂಡು ಹೆಕ್ಕಿದ ಪ್ರತಿ ಹತ್ತು ಉಲ್ಕಾಶಿಲೆಗಳಲ್ಲಿ ಎಂಟು ಈ ಪಂಗಡದವೇ. 1865ರಲ್ಲಿ ಮದ್ದೂರಿನಲ್ಲಿ, 1866ರಲ್ಲಿ ಉಡುಪಿಯಲ್ಲಿ ಬಿದ್ದವೂ ಇಂಥವೇ. ಇಂಥ ಕಲ್ಲೊಂದನ್ನು ಕೈಗೆತ್ತಿಕೊಂಡರೆ ಮೊದಲು ಅರಿವಿಗೆ ಬರುವುದು ಅದರ ಭಾರ. ಅಷ್ಟೇ ಗಾತ್ರದ ಗ್ರಾನೈಟ್ ತುಂಡಿಗಿಂತ ಕಾಲು ಭಾಗದಷ್ಟು ಹೆಚ್ಚು ತೂಗುತ್ತದೆ. ಮೈಮೇಲೆ ಮಿಲಿಮೀಟರಿನಷ್ಟು ತೆಳುವಾದ ಕಪ್ಪು ಪದರವಿರುತ್ತದೆ. ವಾತಾವರಣ ಹೊಕ್ಕ ಕೆಲವೇ ಸೆಕೆಂಡುಗಳಲ್ಲಿ ಹೊರಮೈ ಕರಗಿ ಆದದ್ದು. ಒಳಗಿನವರೆಗೆ ಕಾವು ಇಳಿಯುವಷ್ಟು ಹೊತ್ತು ಸಿಗುವುದೇ ಇಲ್ಲ. ಆಕಾಶದಿಂದ ಬಿದ್ದ ಕಲ್ಲು ಕೆಂಡವಾಗಿರುತ್ತದೆ, ಬಣವೆಗೆ ಬೆಂಕಿ ಹಚ್ಚುತ್ತದೆ ಎಂಬುದೆಲ್ಲ ಬರೀ ಮಾತು. ನೆಲದಿಂದ ಇಪ್ಪತ್ತು, ಮೂವತ್ತು ಕಿಲೋಮೀಟರ್ ಮೇಲೆಯೇ ಅದರ ಬೆಳಕು ಆರಿಹೋಗುತ್ತದೆ. ಉಳಿದ ದಾರಿಯಲ್ಲಿ ಅದು ತಣ್ಣನೆಯ ಗಾಳಿಯಲ್ಲಿ ಸುಮ್ಮನೆ ಕೆಳಗೆ ಬೀಳುತ್ತದೆ, ಅಷ್ಟೆ.

ಒಡೆದು ನೋಡಿದರೆ ಒಳಗೆ ಬೂದು ಬಣ್ಣ. ಅಲ್ಲಲ್ಲಿ ಕಬ್ಬಿಣ ಮತ್ತು ನಿಕ್ಕಲ್ ಬೆರೆತ ಲೋಹದ ಹೊಳೆಯುವ ಚುಕ್ಕೆಗಳು. ಮಳೆಗೆ ಸಿಕ್ಕ ಕಲ್ಲಾದರೆ ಅವುಗಳ ಸುತ್ತ ತುಕ್ಕಿನ ಕಲೆ. ಭೂತಗನ್ನಡಿ ಹಿಡಿದರೆ ಒಂದು ಮಿಲಿಮೀಟರಿನ, ಅದಕ್ಕೂ ಚಿಕ್ಕದಾದ ದುಂಡು ಕಣಗಳು ಒತ್ತೊತ್ತಾಗಿ ಕೂತಿರುವುದು ಕಾಣುತ್ತದೆ. ಇವೇ ಕಾಂಡ್ರೂಲ್‌ಗಳು, ಪಂಗಡಕ್ಕೆ ಹೆಸರು ಬಂದದ್ದು ಇವುಗಳಿಂದ. ಒಂದೊಂದೂ ಒಮ್ಮೆ ಕರಗಿದ ಶಿಲೆಯ ಹನಿಯಾಗಿ ಆಕಾಶದಲ್ಲಿ ತೇಲುತ್ತಿತ್ತು, ಕೆಲವು ಗಂಟೆಗಳಲ್ಲಿ ತಣಿದು ಗಟ್ಟಿಯಾಯಿತು. ಭೂಮಿ ಇನ್ನೂ ಪೂರ್ತಿ ರೂಪುಗೊಂಡಿರದ ಕಾಲ ಅದು. ಹಾಗಾದರೆ ಆ ಧೂಳನ್ನು ಕರಗಿಸಿದ ಬೆಂಕಿ ಯಾವುದು? ಧೂಳುಮೋಡದಲ್ಲಿ ಹಾಯ್ದ ಆಘಾತ ತರಂಗಗಳು ಎನ್ನುವವರಿದ್ದಾರೆ. ಎಳೆಯ ಬಂಡೆಗಳು ಒಂದಕ್ಕೊಂದು ಡಿಕ್ಕಿ ಹೊಡೆದಾಗ ಚಿಮ್ಮಿದ ಹನಿಗಳು ಎನ್ನುವವರೂ ಇದ್ದಾರೆ. ನಮ್ಮ ಮೇಲೆ ಬೀಳುವ ಅತಿ ಸಾಮಾನ್ಯ ಕಲ್ಲಿನ ಅತಿ ಸಾಮಾನ್ಯ ಕಣದ ಹುಟ್ಟೇ ಇನ್ನೂ ತೀರ್ಮಾನವಾಗಿಲ್ಲ ಎಂಬುದು ನನಗಂತೂ ಖುಷಿಯ ಸಂಗತಿ.

ಇನ್ನು ವಯಸ್ಸಿನ ಲೆಕ್ಕ. ರಾಣೆಬೆನ್ನೂರಿನ ಸುತ್ತಮುತ್ತ ನೆಲದಡಿ ಇರುವ ಗ್ರೇವ್ಯಾಕ್ ಎಂಬ ಕಲ್ಲು ಸುಮಾರು 260 ಕೋಟಿ ವರ್ಷಗಳ ಹಿಂದೆ ನೀರಿನಡಿ ಶೇಖರವಾದ ಮಣ್ಣು, ಮರಳು. ಹಾನಗಲ್ಲಿನ ತಾರಕೇಶ್ವರ ಗುಡಿಯಂಥ ಚಾಲುಕ್ಯರ ಕಾಲದ ಕಟ್ಟಡಗಳಿಗೆ ಒದಗಿದ ಮೆತ್ತನೆಯ ಬಳಪದ ಕಲ್ಲೂ ಧಾರವಾಡ ಶಿಲಾಪಟ್ಟಿಗಳದೇ ಕೊಡುಗೆ. ಕರ್ನಾಟಕದ ಅತಿ ಹಳೆಯ ಬಂಡೆಗಳು 340 ಕೋಟಿ ವರ್ಷದ ಆಸುಪಾಸಿನವು. ಜಗತ್ತಿನ ಲೆಕ್ಕದಲ್ಲೂ ಇವು ಬಹು ಹಳೆಯವು, ಭೂವಿಜ್ಞಾನಿಗಳು ದೂರದೇಶಗಳಿಂದ ಹುಡುಕಿಕೊಂಡು ಬರುವಂಥವು. ಆದರೂ ನೆಗಳೂರಿನ ಕಲ್ಲಿನ ಮುಂದೆ ಇವೆಲ್ಲ ಕಿರಿಯವು. ಕಾಂಡ್ರೈಟ್‌ಗಳ ವಯಸ್ಸು 456 ಕೋಟಿ ವರ್ಷ. ಯುರೇನಿಯಂ ಕ್ಷಯಿಸಿ ಸೀಸವಾಗುವ ನಿಗದಿತ ವೇಗವನ್ನು ಗಡಿಯಾರವಾಗಿಟ್ಟುಕೊಂಡು ಅಳೆದ ಲೆಕ್ಕವಿದು. ಭೂಮಿ ತನ್ನ ಕಲ್ಲುಗಳನ್ನು ಕರಗಿಸುತ್ತದೆ, ಸವೆಸುತ್ತದೆ, ಮಡಿಚುತ್ತದೆ, ಆಳಕ್ಕೆಳೆದು ಮತ್ತೆ ಹೊರಗೆ ದಬ್ಬುತ್ತದೆ. ಅದರ ಮೊದಲ ದಿನಗಳ ಬಂಡೆಗಳು ಇಲ್ಲಿ ಸಿಗುವುದೇ ಇಲ್ಲ. ಭೂಮಿಯ ಬಾಲ್ಯ ತಿಳಿಯಬೇಕಾದರೆ ಮೇಲಿನಿಂದ ಬಿದ್ದ ಕಲ್ಲುಗಳನ್ನೇ ಕೇಳಬೇಕು.

ಅವು ಹೇಳುವುದಿಷ್ಟು. 456.7 ಕೋಟಿ ವರ್ಷಗಳ ಹಿಂದೆ ಹೊಸದಾಗಿ ಹೊತ್ತಿಕೊಳ್ಳುತ್ತಿದ್ದ ಸೂರ್ಯನ ಸುತ್ತ ಅನಿಲ ಮತ್ತು ಧೂಳಿನ ಚಪ್ಪಟೆ ತಟ್ಟೆಯೊಂದು ಸುತ್ತುತ್ತಿತ್ತು. ಅದರಲ್ಲಿ ಮೊಟ್ಟಮೊದಲು ಗಟ್ಟಿಯಾದದ್ದು ಕ್ಯಾಲ್ಸಿಯಂ ಮತ್ತು ಅಲ್ಯೂಮಿನಿಯಂ ಹೆಚ್ಚಿರುವ ಬಿಳಿಯ ಕಣಗಳು. 1969ರಲ್ಲಿ ಮೆಕ್ಸಿಕೋದ ಅಯೆಂದೆ ಎಂಬಲ್ಲಿ ಟನ್ನುಗಟ್ಟಲೆ ಸುರಿದ ಉಲ್ಕಾಶಿಲೆಯಲ್ಲಿ ಇವು ಬರಿಗಣ್ಣಿಗೇ ಕಾಣುತ್ತವೆ. ಇಪ್ಪತ್ತು, ಮೂವತ್ತು ಲಕ್ಷ ವರ್ಷ ಕಳೆಯುವುದರೊಳಗೆ ಕಾಂಡ್ರೂಲ್‌ಗಳೂ ಸೇರಿಕೊಂಡವು. ಧೂಳು ಧೂಳಿಗೆ ಅಂಟಿ ಹರಳಾಗುವುದು ಸುಲಭ. ಹರಳು ಹರಳಿಗೆ ಅಂಟಿ ಬಂಡೆಯಾಗುವುದು ಸುಲಭವಲ್ಲ. ತಾಗಿದರೆ ಪುಟಿದು ದೂರ ಹೋಗುತ್ತವೆ. ಈ ತೊಡಕಿಗೆ ಇತ್ತೀಚಿನ ದಶಕಗಳಲ್ಲಿ ಹೊಳೆದ ಪರಿಹಾರವೆಂದರೆ, ಅನಿಲದ ಎದುರು ಸಾಗುವ ಹರಳುಗಳು ಒಂದರ ಬೆನ್ನಿಗೆ ಇನ್ನೊಂದು ಬಂದು ಒಂದೆಡೆ ದಟ್ಟೈಸುತ್ತವೆ, ಆಮೇಲೆ ತಮ್ಮದೇ ಗುರುತ್ವದಿಂದ ಒಮ್ಮೆಲೇ ಕುಸಿದು ನೂರಾರು ಕಿಲೋಮೀಟರಿನ ಬಂಡೆಗಳಾಗುತ್ತವೆ. ಅಂದರೆ ಮೊದಲ ಕ್ಷುದ್ರಗ್ರಹಗಳು ಸಣ್ಣದರಿಂದ ಮೆಲ್ಲಗೆ ಬೆಳೆದವಲ್ಲ, ಹುಟ್ಟುವಾಗಲೇ ದೊಡ್ಡವು.

ಹಾಗಾದರೆ ಅಲ್ಲೊಂದು ಗ್ರಹ ಯಾಕೆ ಆಗಲಿಲ್ಲ? ಈ ಪ್ರಶ್ನೆಗೆ ಒಂದು ಇತಿಹಾಸವಿದೆ. 1801ರ ಜನವರಿ 1ರಂದು ಇಟಲಿಯ ಪಲೆರ್ಮೊದಲ್ಲಿ ಜುಸೆಪ್ಪೆ ಪಿಯಾಜ್ಜಿ ಸಿರಿಸ್ ಎಂಬ ಮೊದಲ ಕ್ಷುದ್ರಗ್ರಹವನ್ನು ಕಂಡ. ಮಂಗಳ ಮತ್ತು ಗುರುವಿನ ನಡುವೆ ಒಂದು ಗ್ರಹ ಇರಲೇಬೇಕೆಂದು ಖಗೋಳವಿಜ್ಞಾನಿಗಳು ಕಾದು ಕೂತಿದ್ದರು, ಸಿಕ್ಕೇಬಿಟ್ಟಿತು ಎಂದುಕೊಂಡರು. ಮರುವರ್ಷ ಓಲ್ಬರ್ಸ್ ಎಂಬಾತ ಇನ್ನೊಂದನ್ನು ಕಂಡ. 1807ರ ಹೊತ್ತಿಗೆ ನಾಲ್ಕಾದವು. ಒಂದೇ ಜಾಗದಲ್ಲಿ ನಾಲ್ಕು! ದೊಡ್ಡ ಗ್ರಹವೊಂದು ಸಿಡಿದು ಚೂರಾಗಿರಬೇಕು ಎಂದ ಓಲ್ಬರ್ಸ್. ಕೇಳಲು ಚಂದದ ಕಥೆ. ಇಂದಿಗೂ ಆಗಾಗ ಪತ್ರಿಕೆಗಳಲ್ಲಿ ತಲೆ ಎತ್ತುತ್ತದೆ. ಅದು ನಿಲ್ಲುವುದಿಲ್ಲ. ಎಲ್ಲ ಕ್ಷುದ್ರಗ್ರಹಗಳನ್ನು ಒಟ್ಟುಗೂಡಿಸಿದರೂ ಚಂದ್ರನ ತೂಕದ ಶೇ. 3ರಷ್ಟು ಆಗುತ್ತದೆ, ಅದರಲ್ಲೂ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಸಿರಿಸ್ ಒಂದರದೇ. ಅಷ್ಟರಲ್ಲಿ ಯಾವ ಗ್ರಹ? ಜೊತೆಗೆ ಅವುಗಳ ರಸಾಯನ ಒಂದಕ್ಕೊಂದು ಹೊಂದುವುದಿಲ್ಲ. ಒಂದೇ ಮನೆಯವಲ್ಲವೆಂಬುದು ಸ್ಪಷ್ಟ. ನಡೆದದ್ದು ಬೇರೆ. ಗುರುಗ್ರಹ ಬಹು ಬೇಗ ದೈತ್ಯವಾಗಿ ಬೆಳೆದು ನೆರೆಯ ಬಂಡೆಗಳ ಕಕ್ಷೆಗಳನ್ನು ಕದಡಿಬಿಟ್ಟಿತು. ಮೆಲ್ಲಗೆ ತಾಗಿ ಕೂಡಿಕೊಳ್ಳಬೇಕಿದ್ದ ಬಂಡೆಗಳು ಸೆಕೆಂಡಿಗೆ ಕಿಲೋಮೀಟರುಗಳ ವೇಗದಲ್ಲಿ ಅಪ್ಪಳಿಸತೊಡಗಿದವು. ಆ ಪ್ರದೇಶದ ಬಹುಪಾಲು ಸರಕು ಸೌರಮಂಡಲದಿಂದಲೇ ಹೊರಕ್ಕೆ, ಇಲ್ಲವೇ ಸೂರ್ಯನೊಳಕ್ಕೆ ಹೋಯಿತು.

ಗುರು ಇದ್ದಲ್ಲೇ ಇದ್ದು ಇಷ್ಟೆಲ್ಲ ಮಾಡಿತೇ, ಅಥವಾ ಒಮ್ಮೆ ಸೂರ್ಯನತ್ತ ಸರಿದು ಬಂದು ಹಿಂದಿರುಗಿತೇ ಎಂಬ ವಾದ ನಡೆದೇ ಇದೆ. ಹೇಗೇ ಆಗಲಿ, ಎಲ್ಲಿಯೋ ಹುಟ್ಟಿದವು ಇಲ್ಲಿ ಬಂದು ಸೇರಿವೆ ಎಂಬುದಕ್ಕೆ ಈಗ ಪುರಾವೆ ಗಟ್ಟಿಯಾಗಿದೆ. ಮಂಗಳ ಮತ್ತು ಗುರುವಿನ ನಡುವಿನ ಈ ಕ್ಷುದ್ರಗ್ರಹ ಪಟ್ಟಿಯ ಒಳಬದಿಯಲ್ಲಿ ನೆಗಳೂರಿನ ಕಲ್ಲಿನ ಜಾತಿಯ ಒಣ ಬಂಡೆಗಳು ಹೆಚ್ಚು; ಹೊರಬದಿಯಲ್ಲಿ ಇಂಗಾಲ ತುಂಬಿದ ಕಪ್ಪು ಬಂಡೆಗಳು ಹೆಚ್ಚು. ಜಪಾನಿನ ಹಯಬುಸಾ-2 ನೌಕೆ 2020ರಲ್ಲಿ ಕ್ಷುದ್ರಗ್ರಹ ರ್‍ಯುಗುವಿನಿಂದ 5.4 ಗ್ರಾಂ, ಅಮೆರಿಕದ ಒಸೈರಿಸ್-ರೆಕ್ಸ್ 2023ರಲ್ಲಿ ಕ್ಷುದ್ರಗ್ರಹ ಬೆನ್ನುವಿನಿಂದ 121.6 ಗ್ರಾಂ ಮಣ್ಣು ತಂದವು. ಎರಡೂ ಈ ಕಪ್ಪು ಜಾತಿಯವು. ಅವುಗಳಲ್ಲಿ ನೀರು ಹೀರಿದ ಜೇಡಿ ಖನಿಜಗಳಿವೆ, ಅಮೈನೊ ಆಮ್ಲಗಳಿವೆ. ಇವು ಗುರುವಿನ ಆಚೆಯ ಚಳಿಯಲ್ಲಿ ಹುಟ್ಟಿದವೆಂದು ಹೆಚ್ಚಿನವರು ನಂಬುತ್ತಾರೆ.

ನೆಗಳೂರಿನ ಕಲ್ಲಿನ ಕಡೆಗೇ ಮರಳೋಣ. ಅದರ ತಾಯಿಬಂಡೆ ಹುಟ್ಟಿದ ಮೇಲೆ ಬೇಯಲು ಶುರುವಾಯಿತು. ಕಾವು ಸೂರ್ಯನದಲ್ಲ. ಆದಿಧೂಳಿನಲ್ಲಿ ಅಲ್ಯೂಮಿನಿಯಂ-26 ಎಂಬ ವಿಕಿರಣಶೀಲ ಧಾತು ಬೆರೆತಿತ್ತು. ಸುಮಾರು 7 ಲಕ್ಷ ವರ್ಷಕ್ಕೊಮ್ಮೆ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ, ಇಳಿಯುತ್ತ ಕಾವು ಬಿಡುತ್ತದೆ. ಹೀಗಾಗಿ ಒಂದು ಬಂಡೆಯ ಹಣೆಬರಹ ಅದು ಯಾವಾಗ ಹುಟ್ಟಿತು ಎಂಬುದರ ಮೇಲೆ ನಿಂತಿತ್ತು. ಮೊದಲ ಹತ್ತು ಲಕ್ಷ ವರ್ಷದೊಳಗೆ ಕೂಡಿಕೊಂಡ ಬಂಡೆಗಳಲ್ಲಿ ಆ ಧಾತು ಬೇಕಾದಷ್ಟಿತ್ತು. ಅವು ಪೂರ್ತಿ ಕರಗಿದವು. ಕಬ್ಬಿಣ ನಡುವಿಗೆ ಇಳಿಯಿತು, ಹಗುರ ಶಿಲೆ ಮೇಲೆ ಬಂತು. ಅಂಥವು ಒಡೆದಾಗ ತಿರುಳಿನ ಚೂರುಗಳೇ ಕಬ್ಬಿಣದ ಉಲ್ಕಾಶಿಲೆಗಳಾಗಿ ನಮಗೆ ಸಿಗುತ್ತವೆ. 525 ಕಿಲೋಮೀಟರ್ ಅಡ್ಡಗಲದ ವೆಸ್ಟಾ ಹೀಗೆ ಕರಗಿದ್ದು, ಒಡೆಯದೆ ಉಳಿದದ್ದು. 2011ರಲ್ಲಿ ಡಾನ್ ನೌಕೆ ಹೋಗಿ ಅದರ ಹೆಪ್ಪುಗಟ್ಟಿದ ಲಾವಾಮೈಯನ್ನು ನೋಡಿಬಂತು. ಸಾಮಾನ್ಯ ಕಾಂಡ್ರೈಟ್‌ಗಳ ತಾಯಿಬಂಡೆಗಳು ಮಾತ್ರ ಸುಮಾರು 20 ಲಕ್ಷ ವರ್ಷ ತಡವಾಗಿ ಹುಟ್ಟಿದವು. ಆ ಹೊತ್ತಿಗೆ ಕಾವು ತಗ್ಗಿತ್ತು. ಬೆಂದವು, ಕರಗಲಿಲ್ಲ. ಮದ್ದೂರು ಮತ್ತು ಉಡುಪಿಯ ಕಲ್ಲುಗಳೆರಡಕ್ಕೂ ‘5’ ಎಂಬ ಅಂಕಿ ಕೊಟ್ಟಿದ್ದಾರೆ. ಅವು 700 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು ಬೆಂದಿವೆ ಎಂದು ಅದರರ್ಥ. ಕಾಂಡ್ರೂಲ್‌ಗಳ ಅಂಚು ಮಸುಕಾಗಿದೆ, ಅಳಿಸಿಹೋಗಿಲ್ಲ.

ಅಂಕಿಯ ಮುಂದೆ ಒಂದು ಅಕ್ಷರವೂ ಇರುತ್ತದೆ. ಉಡುಪಿಯದು ‘ಎಚ್’, ಅಂದರೆ ಕಬ್ಬಿಣ ಹೆಚ್ಚು. ಮದ್ದೂರಿನದು ‘ಎಲ್’, ಕಬ್ಬಿಣ ಕಡಿಮೆ. ಎರಡೂ ಬೇರೆ ಬೇರೆ ತಾಯಿಬಂಡೆಗಳಿಂದ ಬಂದವು. ಈ ತಾಯಿಬಂಡೆಗಳನ್ನು ಆಕಾಶದಲ್ಲಿ ಹುಡುಕುವ ಕೆಲಸಕ್ಕೆ ತಳಹದಿ ಹಾಕಿದವನು ಜಪಾನಿನ ಕಿಯೊತ್ಸುಗು ಹಿರಾಯಾಮ. ಒಂದೇ ಬಗೆಯ ಕಕ್ಷೆಯ ಕ್ಷುದ್ರಗ್ರಹಗಳು ಗುಂಪು ಗುಂಪಾಗಿರುವುದನ್ನು 1918ರಲ್ಲಿ ಗಮನಿಸಿ, ಪ್ರತಿ ಗುಂಪೂ ಒಡೆದ ಒಂದೊಂದು ಬಂಡೆಯ ಕುಟುಂಬ ಎಂದು ಹೇಳಿದ. ಓಲ್ಬರ್ಸ್ ಊಹಿಸಿದ ಒಡೆತ ನಡೆದದ್ದು ನಿಜ. ಆದರೆ ಒಡೆದದ್ದು ಗ್ರಹವಲ್ಲ, ನೂರಾರು ಸಲ ನೂರಾರು ಬಂಡೆಗಳು. ಇವುಗಳಲ್ಲಿ ‘ಎಲ್’ ತಾಯಿಬಂಡೆಯ ಒಡೆತ ದೊಡ್ಡದು. 47 ಕೋಟಿ ವರ್ಷಗಳ ಹಿಂದೆ ಅದು ಚೂರಾದಾಗ ಭೂಮಿಯ ಮೇಲೆ ಕಲ್ಲಿನ ಮಳೆಯೇ ಸುರಿಯಿತು. ಸ್ವೀಡನ್ನಿನ ಸುಣ್ಣಕಲ್ಲಿನ ಗಣಿಯಲ್ಲಿ ಅಂದಿನ ಸಮುದ್ರಜೀವಿಗಳ ಪಳೆಯುಳಿಕೆಯ ಜೊತೆ ಅಂದಿನ ಉಲ್ಕಾಶಿಲೆಗಳೂ ಸಿಗುತ್ತವೆ.

2024ರಲ್ಲಿ ಯುರೋಪಿನ ಸಂಶೋಧಕರು ಮೂರು ಕುಟುಂಬಗಳ ಹೆಸರು ಹಿಡಿದೇ ಹೇಳಿದರು. ‘ಎಲ್’ ಕಲ್ಲುಗಳು ಮಸಾಲಿಯಾ ಕುಟುಂಬದವು, ಸುಮಾರು 4 ಕೋಟಿ ವರ್ಷಗಳ ಹಿಂದೆ ಅಲ್ಲಿ ಇನ್ನೊಂದು ಒಡೆತವಾಗಿದೆ. ‘ಎಚ್’ ಕಲ್ಲುಗಳು ಕರಿನ್ ಮತ್ತು ಕೊರೊನಿಸ್ ಕುಟುಂಬಗಳವು, ಒಡೆತಗಳು 58 ಲಕ್ಷ ಮತ್ತು 76 ಲಕ್ಷ ವರ್ಷಗಳ ಹಿಂದಿನವು. ಇಂದು ಬೀಳುವ ಉಲ್ಕಾಶಿಲೆಗಳಲ್ಲಿ ಸುಮಾರು ಶೇ. 70 ಈ ಮೂರೇ ಮನೆಗಳಿಂದ ಬರುತ್ತವೆಯಂತೆ. ಅಂದರೆ 456 ಕೋಟಿ ವರ್ಷದ ಸಾಮಗ್ರಿಯಾದರೂ, ಈ ಆಕಾರದ ಚೂರಾಗಿ ಹುಟ್ಟಿದ್ದು ಈಚೆಗೆ. ನೆಗಳೂರಿನ ಕಲ್ಲು ಯಾವ ಮನೆಯದು? ಉಲ್ಕಾಶಿಲೆಗಳ ಪಟ್ಟಿಯಲ್ಲಿ ಅದರ ಹೆಸರಿನ ಮುಂದೆ ಎಚ್ ಇಲ್ಲ, ಎಲ್ ಇಲ್ಲ. ಬರೀ ಸಾಮಾನ್ಯ ಕಾಂಡ್ರೈಟ್ ಎಂದಿದೆ. ಇದು ಸ್ವಲ್ಪ ಬೇಸರದ ವಿಷಯವೇ.

ಒಡೆದ ಚೂರುಗಳೆಲ್ಲ ಚೂರುಗಳಾಗಿಯೇ ಉಳಿಯುವುದಿಲ್ಲ. ಪರಸ್ಪರ ಗುರುತ್ವದಿಂದ ಹಲವು ಮತ್ತೆ ಒಟ್ಟುಸೇರುತ್ತವೆ. 2005ರಲ್ಲಿ ಹಯಬುಸಾ ನೌಕೆ ಇಟೊಕಾವಾ ಎಂಬ ಅರ್ಧ ಕಿಲೋಮೀಟರಿನ ಕ್ಷುದ್ರಗ್ರಹದ ಬಳಿ ಹೋದಾಗ ಕಂಡದ್ದು ಒಂದು ಬಂಡೆಯಲ್ಲ, ಹೊಲದ ಬದುವಿನಲ್ಲಿ ಆಯ್ದು ಒಟ್ಟಿದ ಕಲ್ಲಗುಡ್ಡೆಯಂಥದ್ದು, ಒಳಗೆ ಶೇ. 40ರಷ್ಟು ಬರೀ ಸಂದಿ. ಅಲ್ಲಿಂದ 2010ರಲ್ಲಿ ಬಂದ ಧೂಳಿನ ಕಣಗಳು ಸಾಮಾನ್ಯ ಕಾಂಡ್ರೈಟ್‌ಗೆ ಸರಿಯಾಗಿ ತಾಳೆಯಾದವು. ಅಲ್ಲಿಯತನಕ ದೂರದರ್ಶಕದಲ್ಲಿ ಊಹಿಸಿದ್ದ ನಂಟು ಆಗ ಖಚಿತವಾಯಿತು. ಬಿಡಿ ಕಲ್ಲುಗಳ ರಾಶಿ ಎಂಬುದಕ್ಕೆ ಇನ್ನೊಂದು ಜಾಣ ಪುರಾವೆಯಿದೆ. 200 ಮೀಟರಿಗಿಂತ ದೊಡ್ಡ ಕ್ಷುದ್ರಗ್ರಹಗಳಲ್ಲಿ ಸುಮಾರು 2.2 ಗಂಟೆಗಿಂತ ಬೇಗ ಒಂದು ಸುತ್ತು ತಿರುಗುವವು ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕಿಂತ ಜೋರಾಗಿ ತಿರುಗಿದರೆ ಬಿಡಿ ಕಲ್ಲುಗಳು ಚದುರಿಹೋಗುತ್ತವೆ. 2022ರ ಸೆಪ್ಟೆಂಬರಿನಲ್ಲಿ ಡಾರ್ಟ್ ನೌಕೆ ಕ್ಷುದ್ರಗ್ರಹ ಡಿಮಾರ್ಫೋಸ್‌ಗೆ ಬೇಕೆಂದೇ ಡಿಕ್ಕಿ ಹೊಡೆದಾಗ ಅದು ತನ್ನ ಜೊತೆಗಾರನನ್ನು ಸುತ್ತುವ ಅವಧಿ ಸುಮಾರು 33 ನಿಮಿಷ ಕಡಿಮೆಯಾಯಿತು. ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು. ಸಡಿಲ ರಾಶಿಯಿಂದ ಹಿಮ್ಮುಖವಾಗಿ ಚಿಮ್ಮಿದ ಪುಡಿಯೇ ಇನ್ನಷ್ಟು ನೂಕು ಕೊಟ್ಟಿತ್ತು.

ಇನ್ನುಳಿದದ್ದು ಪ್ರಯಾಣ. ಪಟ್ಟಿಯಲ್ಲಿ ನೆಮ್ಮದಿಯಿಂದ ಸುತ್ತುತ್ತಿದ್ದ ಚೂರನ್ನು ಹಾವೇರಿ ಸೀಮೆಯವರೆಗೆ ತಂದದ್ದು ಮುಖ್ಯವಾಗಿ ಬಿಸಿಲು. ಕಲ್ಲಿನ ಹಗಲಿನ ಪಕ್ಕ ಕಾಯುತ್ತದೆ; ತಿರುಗಿ ಸಂಜೆಯ ಕಡೆ ಹೋದ ಮೇಲೂ ಆ ಕಾವನ್ನು ಹೊರಬಿಡುತ್ತಿರುತ್ತದೆ. ಹೊರಟ ಕಾವು ಕಲ್ಲನ್ನು ಹಿಂದಕ್ಕೆ ತಳ್ಳುತ್ತದೆ, ಬಲು ಬಲು ಮೆಲ್ಲಗೆ. ಇದನ್ನು 1900ರ ಸುಮಾರಿಗೆ ಯಾರ್ಕೊವ್‌ಸ್ಕಿ ಎಂಬ ಎಂಜಿನಿಯರ್ ಯೋಚಿಸಿದ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಗೊಲೆವ್ಕಾ ಎಂಬ ಕ್ಷುದ್ರಗ್ರಹ 12 ವರ್ಷಗಳಲ್ಲಿ 15 ಕಿಲೋಮೀಟರ್ ಸರಿದಿರುವುದನ್ನು 2003ರಲ್ಲಿ ರೇಡಾರ್ ತೋರಿಸಿದಾಗ ಅವನ ಮಾತು ಗೆದ್ದಿತು. ಹೀಗೆ ಸರಿಯುತ್ತ ಸರಿಯುತ್ತ ಕಲ್ಲು ಒಂದು ದಿನ ಅಪಾಯದ ಜಾಗಕ್ಕೆ ಬರುತ್ತದೆ. ಪಟ್ಟಿಯಲ್ಲಿ ಕೆಲವು ಖಾಲಿ ಓಣಿಗಳಿವೆ ಎಂದು ಡೇನಿಯಲ್ ಕರ್ಕ್‌ವುಡ್ ತೋರಿಸಿದ್ದು 1866ರಲ್ಲಿ, ಉಡುಪಿಯಲ್ಲಿ ಕಲ್ಲು ಬಿದ್ದ ವರ್ಷವೇ. ಗುರು ಒಂದು ಸುತ್ತು ಮುಗಿಸುವಷ್ಟರಲ್ಲಿ ಸರಿಯಾಗಿ ಮೂರು ಸುತ್ತು ಹಾಕುವ ಜಾಗ ಅಂಥದ್ದೊಂದು. ಅಲ್ಲಿ ಗುರುವಿನ ಸೆಳೆತ ಪ್ರತಿ ಸಲವೂ ಒಂದೇ ತಾಳಕ್ಕೆ ಬೀಳುತ್ತದೆ. ಕಲ್ಲಿನ ಕಕ್ಷೆ ಎಳೆದೆಳೆದು ಉದ್ದವಾಗಿ, ಹತ್ತಾರು ಲಕ್ಷ ವರ್ಷಗಳೊಳಗೆ ಭೂಮಿಯ ದಾರಿಗೆ ಅಡ್ಡ ಬರುತ್ತದೆ.

ಕ್ಷುದ್ರಗ್ರಹಗಳ ಹುಡುಕಾಟದಲ್ಲಿ ನಮ್ಮ ಕಡೆಯವರ ಪಾಲೂ ಸ್ವಲ್ಪ ಇದೆ. ಏಷ್ಯಾದಿಂದ ಕಂಡುಹಿಡಿದ ಮೊದಲ ಕ್ಷುದ್ರಗ್ರಹ 67 ಏಷ್ಯಾ. 1861ರಲ್ಲಿ ಮದ್ರಾಸ್ ವೀಕ್ಷಣಾಲಯದಲ್ಲಿ ಪೋಗ್ಸನ್ ಕಂಡದ್ದು. ಆ ವೀಕ್ಷಣಾಲಯದ ವಾರಸುದಾರ ಸಂಸ್ಥೆಯೇ ಈಗ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. ಅದರ ವಿಜ್ಞಾನಿ ಆರ್. ರಾಜಮೋಹನ್ ಮತ್ತು ತಂಡ ಕವಲೂರಿನ 45 ಸೆಂಟಿಮೀಟರ್ ಶ್ಮಿಟ್ ದೂರದರ್ಶಕದಿಂದ 1988ರ ಫೆಬ್ರುವರಿಯಲ್ಲಿ ಹೊಸದೊಂದನ್ನು ಕಂಡಿತು. ಅದು ಈಗ 4130 ರಾಮಾನುಜನ್.

ಬೀಳುವ ಕಲ್ಲುಗಳು ಕ್ಷುದ್ರಗ್ರಹ ಪಟ್ಟಿಯಿಂದಲೇ ಬರುತ್ತವೆ ಎಂಬುದು ಊಹೆಯಾಗಿ ಉಳಿಯದೆ ಸಾಬೀತಾದದ್ದು 1959ರಲ್ಲಿ. ಅಂದಿನ ಚೆಕೊಸ್ಲೊವಾಕಿಯಾದ ಪ್ರಿಬ್ರಾಮಿನಲ್ಲಿ ಕಲ್ಲು ಬಿದ್ದಾಗ ಅದರ ಉರಿಯುವ ಹಾದಿ ಬೇರೆ ಬೇರೆ ಜಾಗದ ಕ್ಯಾಮೆರಾಗಳಲ್ಲಿ ಸೆರೆಯಾಗಿತ್ತು. ಹಿಂದಕ್ಕೆ ಲೆಕ್ಕ ಹಾಕಿದರೆ ಕಕ್ಷೆ ನೇರ ಮಂಗಳದ ಆಚೆ ಹೋಗಿ ನಿಂತಿತು. ನೆಗಳೂರಿನ ಕಲ್ಲು ಬಿದ್ದ 165 ವರ್ಷಕ್ಕೆ ಸರಿಯಾಗಿ, 2013ರ ಫೆಬ್ರುವರಿ 15ರಂದೇ, ರಷ್ಯಾದ ಚೆಲ್ಯಾಬಿನ್‌ಸ್ಕ್ ಮೇಲೆ 20 ಮೀಟರಿನ ಬಂಡೆ ಸಿಡಿದು ಕಿಟಕಿ ಗಾಜು ಒಡೆದು ಸಾವಿರಕ್ಕೂ ಹೆಚ್ಚು ಜನ ಗಾಯಗೊಂಡರು. ತಾರೀಖು ಕೂಡಿಬಂದದ್ದು ಬರೀ ಆಕಸ್ಮಿಕ. ಆ ಸಲ ಕಕ್ಷೆ ಲೆಕ್ಕ ಹಾಕಲು ನೆರವಾದದ್ದು ಕಾರುಗಳ ಮುಂಗಾಜಿಗೆ ಅಂಟಿಸಿದ ಕ್ಯಾಮೆರಾಗಳು, ಅಂಗಡಿ ಮುಂದಿನ ಸಿಸಿಟಿವಿಗಳು.

ಹಿರೇಕೆರೂರಿನಲ್ಲೂ ಪೆಟ್ರೋಲ್ ಬಂಕು, ಬ್ಯಾಂಕು, ಗೊಬ್ಬರದಂಗಡಿಗಳ ಮುಂದೆ ಈಗ ಸಿಸಿಟಿವಿ ಇದೆ. ಹಾನಗಲ್, ಶಿಗ್ಗಾಂವಿ, ಸವಣೂರಿನಲ್ಲೂ ಇವೆ. ಒಂದೇ ಬೆಂಕಿಗೆರೆ ಈ ನಾಲ್ಕು ಊರುಗಳಿಂದ ನಾಲ್ಕು ಕೋನದಲ್ಲಿ ಕಾಣುತ್ತದೆ; ಆ ಕೋನಗಳ ವ್ಯತ್ಯಾಸದಿಂದಲೇ ಎತ್ತರ, ವೇಗ, ಬಂದ ದಿಕ್ಕು ಎಲ್ಲ ಹೊರಡುತ್ತವೆ. ಹಗಲಲ್ಲೂ ಕಣ್ಣು ಕೋರೈಸುವ ಬೆಳಕು ಹಾದು, ಒಂದೆರಡು ನಿಮಿಷ ಬಿಟ್ಟು ಗುಡುಗಿನ ಸದ್ದು ಕೇಳಿದರೆ ಹತ್ತಿರದಲ್ಲೆಲ್ಲೋ ಕಲ್ಲು ಬಿದ್ದಿರುವ ಸಾಧ್ಯತೆಯಿದೆ. ಸಿಕ್ಕರೆ ತೊಳೆಯಬಾರದು, ಒದ್ದೆ ಜಾಗದಲ್ಲಿ ಇಡಬಾರದು, ಪೂಜೆಗೆಂದು ಅರಿಶಿನ ಕುಂಕುಮ ಹಚ್ಚಬಾರದು. ಅಯಸ್ಕಾಂತ ಹಿಡಿದು ಪರೀಕ್ಷಿಸಿ ಎಂದು ಹಲವು ಕಡೆ ಬರೆದಿರುತ್ತಾರೆ. ದಯವಿಟ್ಟು ಅದನ್ನೂ ಮಾಡಬಾರದು. ತಾಯಿಬಂಡೆಯ ಕಾಲದ ಕಾಂತಕ್ಷೇತ್ರದ ಮಂದ ಗುರುತು ಆ ಲೋಹದ ಚುಕ್ಕೆಗಳಲ್ಲಿ ಉಳಿದಿರುತ್ತದೆ, ಅಯಸ್ಕಾಂತ ಸೋಕಿದರೆ ಅಳಿಸಿಹೋಗುತ್ತದೆ. ಶುದ್ಧ ಕಾಗದದಲ್ಲಿ ಸುತ್ತಿ, ಬಿದ್ದ ಜಾಗದ ಫೋಟೊ ತೆಗೆದು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ತಿಳಿಸಬೇಕು. ದೇಶದ ಉಲ್ಕಾಶಿಲೆಗಳನ್ನು ಕಾಪಾಡುವ ಹೊಣೆ ಅವರದು. ಸಿಸಿಟಿವಿಯ ದೃಶ್ಯವನ್ನು ಮಾತ್ರ ಅವತ್ತೇ ಪೆನ್‌ಡ್ರೈವಿಗೆ ಇಳಿಸಿಕೊಳ್ಳಬೇಕು. ಹೆಚ್ಚಿನ ಯಂತ್ರಗಳಲ್ಲಿ ಕೆಲವು ವಾರಗಳಲ್ಲೇ ಹಳೆಯದರ ಮೇಲೆ ಹೊಸದು ಮುದ್ರಣವಾಗಿಬಿಡುತ್ತದೆ. ಇಳಿಸುವಾಗ ಯಂತ್ರದ ಗಡಿಯಾರ ಸರಿಯಾದ ಸಮಯಕ್ಕಿಂತ ಎಷ್ಟು ಸೆಕೆಂಡು ಮುಂದಿದೆ, ಎಷ್ಟು ಹಿಂದಿದೆ ಎಂಬುದನ್ನೂ ಬರೆದಿಡಬೇಕು.